ನಿಂಗಣ್ಣನ ದಡಿ ಮಾತು

ಇಳಕಲ್ಲಿನ ನೇಕಾರರ ಓಣಿಯ ಶೇಖವ್ವನಿಗೆ ಜಂಬಪಡುವಂಥದ್ದು ಹೆಚ್ಚೇನೂ ಇರಲಿಲ್ಲ. ಇದ್ದದ್ದು ಒಂದೇ. ತನ್ನ ಗಂಡನ ಮಾತು ಈ ಜಗತ್ತಿನಲ್ಲಿ ತನಗೊಬ್ಬಳಿಗೇ ತಿಳಿಯುತ್ತದೆ ಎನ್ನುವುದು. ಅದನ್ನವಳು ಬಾಯಿಬಿಟ್ಟು ಹೇಳಿಕೊಂಡವಳಲ್ಲ. ಆದರೆ ಯಾರಾದರೂ ನೆಂಟರು ನಿಂಗಣ್ಣನ ಎದುರು ಕೂತು, ಇವನಿಗೇನು ಬೇಕೋ ಎಂದು ತಿಣುಕಾಡುವಾಗ, ಒಲೆಯ ಮುಂದಿನಿಂದ ಏಳದೆ ಒಂದು ಗಳಿಗೆ ಸುಮ್ಮನಿರುತ್ತಿದ್ದಳು. ಅವರು ಸೋತರು ಅನ್ನಿಸಿದ ಮೇಲೆ ಸೆರಗಿಗೆ ಕೈ ಒರೆಸುತ್ತ ಬಂದು, ಚಿಟಿಕೆ ಹೊಡೆಯುವುದರೊಳಗೆ ಬಗೆಹರಿಸಿ ಹೋಗುತ್ತಿದ್ದಳು. ಜಂಬಕ್ಕೆ ಇನ್ನೆಂಥ ಸಾಕ್ಷಿ ಬೇಕು?

ನಿಂಗಣ್ಣ ಹುಟ್ಟುಮೂಗನಲ್ಲ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಕೈಯಷ್ಟೇ ಬಾಯಿಯೂ ಜೋರು ಎಂದು ಓಣಿಯಲ್ಲಿ ಹೆಸರಾದವನು. ಒಂದು ದಿನ ಲಾಳಿ ಕೈಜಾರಿತು. ಯಾರ ಕೈಯಿಂದ ಜಾರುವುದಿಲ್ಲ ಎಂದು ನಕ್ಕ. ದಿನವೂ ಜಾರತೊಡಗಿದಾಗ ನಗು ನಿಂತಿತು. ಬಾಗಲಕೋಟೆಯ ಡಾಕ್ಟರು ನೋಡಿ, ಇದು ನರಗಳು ಒಂದೊಂದಾಗಿ ಸೊರಗುವ ಕಾಯಿಲೆ, ಕೈಕಾಲು ಹೋಗುತ್ತವೆ, ಮಾತೂ ಹೋದೀತು, ಬುದ್ಧಿ ಮಾತ್ರ ಇದ್ದಂತೆಯೇ ಇರುತ್ತದೆ ಎಂದರು. ಅವರು ಹೇಳಿದಂತೆಯೇ ಆಯಿತು. ಈಗ ನಿಂಗಣ್ಣನ ಹತೋಟಿಯಲ್ಲಿರುವುದು ಎರಡು ಕಣ್ಣು ಮಾತ್ರ. ನೋಡಲು ಬಂದವರಲ್ಲಿ ಕೆಲವರು ಕಿವುಡನ ಜೊತೆ ಮಾತಾಡಿದಂತೆ ಕೂಗುತ್ತಾರೆ, ಕೆಲವರು ಕೂಸನ್ನು ಆಡಿಸಿದಂತೆ ಲಲ್ಲೆಗರೆಯುತ್ತಾರೆ. ಪಾಪ, ಎರಡನ್ನೂ ಅವನು ಕೂತಲ್ಲೇ ಸಹಿಸಿಕೊಳ್ಳಬೇಕು.

ಮಾತು ನಿಂತ ಹೊಸದರಲ್ಲಿ ಮಗಳು ಸಪ್ನಾ ಅಕ್ಷರಮಾಲೆಯ ದೊಡ್ಡ ಪಟ ತಂದಿದ್ದಳು. ಒಂದೊಂದೇ ಅಕ್ಷರ ತೋರಿಸುತ್ತ ಹೋಗುವುದು, ಬೇಕಾದದ್ದು ಬಂದಾಗ ಅಪ್ಪ ಗಟ್ಟಿಯಾಗಿ ಕಣ್ಣು ಮುಚ್ಚುವುದು. ನಿಂಗಣ್ಣ ಶಾಲೆಗೆ ಹೋದದ್ದಕ್ಕಿಂತ ತಪ್ಪಿಸಿಕೊಂಡದ್ದೇ ಹೆಚ್ಚು. ‘ನೀರು’ ಮುಗಿಯುವಷ್ಟರಲ್ಲಿ ಅವನಿಗೆ ನಿದ್ದೆ ಬಂದಿರುತ್ತಿತ್ತು. ಅಂಥದ್ದರಲ್ಲಿ ಒಂದು ದಿನ, ಗಂಡನ ಮಗ್ಗಕ್ಕೆ ತಾನೇ ಇಳಿದಿದ್ದ ಶೇಖವ್ವ ಸಾಹುಕಾರರ ಮನೆಯಿಂದ ಬಂದವನೊಡನೆ ಯಾವ ದಡಿಯ, ಅಂದರೆ ಯಾವ ಅಂಚಿನ, ಸೀರೆ ನೇಯಬೇಕೆಂದು ಮಾತಾಡುತ್ತಿದ್ದಳು. ಅವಳು ಗೋಮಿ ದಡಿ ಎಂದದ್ದೇ ತಡ, ನಿಂಗಣ್ಣ ಕಣ್ಣು ಮುಚ್ಚಿ ತೆರೆದು, ನೀರಿನ ತಂಬಿಗೆಯ ಕಡೆ ನೋಡಿದ. ಅವಳು ನೀರು ಕುಡಿಸಿದಳು. ಮರುದಿನ ಬೇಕೆಂದೇ ಗೋಮಿ ಅಂದಳು. ಅವನು ಕಣ್ಣು ಮುಚ್ಚಿದ.

ಅಲ್ಲಿಂದ ಶುರುವಾಯಿತು. ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಅ ಆ ಇ ಈ ಮರೆತೀತು, ಸೀರೆಯ ಅಂಚಿನ ಹೆಸರು ಮರೆಯುವುದುಂಟೇ? ಗೋಮಿ ಎಂದರೆ ನೀರು. ಗಾಡಿ ಎಂದರೆ ಮಗ್ಗುಲು ಬದಲಿಸು. ದೊಡ್ಡಪರಾಸ ಎಂದರೆ ಹೊರಗೆ, ಕಟ್ಟೆಯ ಮೇಲೆ. ಜರಿ ಎಂದರೆ ಎಲ್ಲೋ ತುರಿಸುತ್ತಿದೆ. ಶೇಖವ್ವ ದಡಿಗಳ ಹೆಸರು ಹೇಳುತ್ತ ಹೋಗುತ್ತಾಳೆ, ಅವನು ಬೇಕಾದ ಕಡೆ ಕಣ್ಣು ಮುಚ್ಚುತ್ತಾನೆ. ಕೇಳಿದವರಿಗೆ ಸೀರೆ ಅಂಗಡಿಯ ವ್ಯಾಪಾರದಂತೆ ಕೇಳಿಸುತ್ತದೆ. ಸಪ್ನಾ ಇರುವುದು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ, ಕಾಲೇಜಿನ ಹಾಸ್ಟೆಲಿನಲ್ಲಿ. ಅವಳಿಗೂ ಈ ಮಾತು ಅರೆಬರೆ. ಹಾಗಾಗಿ ಶೇಖವ್ವ ಮನೆ ಬಿಟ್ಟು ಎಲ್ಲೂ ಹೋಗುವಂತಿರಲಿಲ್ಲ. ಹೋಗಲೂ ಇಲ್ಲ. ಬಾದಾಮಿಯಲ್ಲಿರುವ ಅಕ್ಕ ಸಾವಿತ್ರೆವ್ವ ಹೊಸ ಮನೆ ಕಟ್ಟಿಸಿ, ವಾಸ್ತುವಿಗೆ ಬಾ ಎಂದು ಮೇಲಿಂದ ಮೇಲೆ ಫೋನು ಮಾಡುತ್ತಿದ್ದಳು. ನನ್ನ ಬಿಟ್ಟರೆ ಇವರ ಮಾತು ಯಾರಿಗೆ ತಿಳೀತೈತಿ ಎಂದು ಶೇಖವ್ವ ಪ್ರತಿಸಲವೂ ಫೋನು ಇಡುತ್ತಿದ್ದಳು. ಆ ಮಾತಿನಲ್ಲಿ ದಣಿವೂ ಇರುತ್ತಿತ್ತು, ಒಂದು ಚೂರು ಸುಖವೂ ಇರುತ್ತಿತ್ತು.

ಒಂದು ಭಾನುವಾರ ಸಪ್ನಾ ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಸಿನಿಮಾ ತಂದಳು. ಗಾಲಿಕುರ್ಚಿಯಲ್ಲಿ ಕೂತೇ ಆಕಾಶದ ಲೆಕ್ಕ ಬಿಡಿಸಿದ ಪರದೇಶದ ವಿಜ್ಞಾನಿಯೊಬ್ಬನ ಬದುಕಿನ ಕಥೆ. ಅಪ್ಪನಿಗೆ ಹುರುಪು ಬರಲಿ ಎಂಬುದು ಅವಳ ಆಸೆ. ಪಕ್ಕದ ಮನೆಯ ಜೋಹರಾ ಕೂಡ ಬಂದಳು. ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು ಅವಳ ಕಸುಬು, ಆ ಹೊತ್ತಿಗೂ ಮಡಿಲಲ್ಲಿ ಒಂದು ಸೀರೆ ಇತ್ತು. ಸಿನಿಮಾದ ಇಂಗ್ಲಿಷನ್ನು ಸಪ್ನಾ ಕನ್ನಡ ಮಾಡಿ ಹೇಳುತ್ತ ಹೋದಳು. ವಿಜ್ಞಾನಿಯ ಕೈ ಸೋತದ್ದು, ಮಾತು ಹೋದದ್ದು, ಯಂತ್ರವೊಂದು ಅವನ ಪರವಾಗಿ ಮಾತಾಡಿದ್ದು, ತುಂಬಿದ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು. ಜೋಹರಾ ಕಣ್ಣು ಒರೆಸಿಕೊಂಡಳು. ಸಪ್ನಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ಶೇಖವ್ವನ ಗಮನ ಬೇರೆಲ್ಲೋ ಇತ್ತು. ಗಂಡನಿಗೆ ಉಣ್ಣಿಸಿ ಮಲಗಿಸಿದ ಮೇಲೆ ಆ ವಿಜ್ಞಾನಿಯ ಹೆಂಡತಿ ಅಡುಗೆಮನೆಯಲ್ಲಿ ನಿಂತುಕೊಂಡೇ, ಪಾತ್ರೆಯಿಂದಲೇ ನಾಲ್ಕು ತುತ್ತು ತಿಂದಳು. ಆಮೇಲೆ ತೋಟದ ಕಲ್ಲುಬೆಂಚಿನ ಮೇಲೆ ಹೋಗಿ ಒಬ್ಬಳೇ ಕೂತಳು. ಅಷ್ಟು ದೊಡ್ಡವರ ಮನೆಯಲ್ಲೂ ಹೆಣ್ಣು ನಿಂತೇ ಉಣ್ಣುತ್ತಾಳಲ್ಲ ಎಂದು ಶೇಖವ್ವನಿಗೆ ನಗು ಬಂತು.

ಸಿನಿಮಾ ಮುಗಿದರೂ ನಿಂಗಣ್ಣ ಪರದೆಯಿಂದ ಕಣ್ಣು ಕೀಳಲಿಲ್ಲ. ಇನ್ನೊಮ್ಮೆ ನೋಡಬೇಕೇ ಎಂದರೆ ಹೌದೆಂದು ಕಣ್ಣು ಮುಚ್ಚಿದ. ಸಪ್ನಾ ಹಿಗ್ಗಿನಿಂದ ಮಾತಾಡುವ ಯಂತ್ರದ ಭಾಗ ಹಾಕಿದಳು. ಅದಲ್ಲ. ಚಪ್ಪಾಳೆಯ ಭಾಗ ಹಾಕಿದಳು. ಅದೂ ಅಲ್ಲ. ಹಿಂದೆ ಮುಂದೆ ಓಡಿಸುತ್ತ ಹೋದಾಗ ಆ ಕಲ್ಲುಬೆಂಚು ಬಂತು. ನಿಂಗಣ್ಣ ಕಣ್ಣು ಮುಚ್ಚಿ, ತೆರೆದು, ಹೆಂಡತಿಯನ್ನು ನೋಡಿದ.

ಶೇಖವ್ವನಿಗೆ ಎದೆಯಲ್ಲಿ ಚುಚ್ಚಿದಂತಾಯಿತು. ಇವಳೂ ಹಾಗೆ ಎದ್ದು ಹೋದಾಳು ಎಂಬ ಅಂಜಿಕೆ ಇವನಿಗೆ ಬಂತಲ್ಲ, ಇಷ್ಟು ಮಾಡಿದರೂ ನನ್ನ ಮೇಲೆ ಇಷ್ಟೇ ನಂಬಿಕೆಯೇ ಎಂದುಕೊಂಡಳು. ಸಿಟ್ಟೂ ದುಃಖವೂ ಒಟ್ಟಿಗೇ ಬಂದವು.

“ನಾ ಎಲ್ಲಿಗಿ ಹೋಗ್ತೇನ್ರಿ ನಿಮ್ಮನ್ನ ಬಿಟ್ಟು? ಹಂಗ್ಯಾಕ ನೋಡ್ತೀರಿ?” ಎಂದಳು.

ಅವನು ನೋಡುವುದನ್ನು ಬಿಡಲಿಲ್ಲ. ಏನೋ ಹೇಳುವುದಿದೆ ಎಂದು ಗೊತ್ತಾಗಿ ಅವಳು ಮೂಗೆಳೆಯುತ್ತಲೇ ದಡಿಗಳನ್ನು ಒಪ್ಪಿಸತೊಡಗಿದಳು. ದೊಡ್ಡಪರಾಸಕ್ಕೆ ಅವನು ಕಣ್ಣು ಮುಚ್ಚಿದ. ಕಟ್ಟೆಗೆ ಒಯ್ಯಲೇ ಎಂದು ಕುರ್ಚಿಗೆ ಕೈ ಹಾಕಿದಳು. ಅಲ್ಲ. ಸಪ್ನಾಳನ್ನು ಕಳಿಸಲೇ? ಅಲ್ಲ. ಮತ್ತೆ ಹೊರಗೆ ಹೋಗಬೇಕಾದವರು ಯಾರು? ಜೋಹರಾ ಕುಚ್ಚು ಕಟ್ಟುವುದನ್ನು ನಿಲ್ಲಿಸಿ ಮೆಲ್ಲಗೆ, “ನಿನಗ ಹೋಗಂತಾನೇನೋ ಅಕ್ಕಾ” ಎಂದಳು. ನಿಂಗಣ್ಣ ಕಣ್ಣು ಮುಚ್ಚಿದ. ಎಷ್ಟು ಹೊತ್ತು ಮುಚ್ಚಿದನೆಂದರೆ ಶೇಖವ್ವನಿಗೆ ಹೆದರಿಕೆಯಾಯಿತು.

ಆಮೇಲೆ ಎಲ್ಲ ಅವಸರದಲ್ಲಿ ನಡೆಯಿತು. ಬಾದಾಮಿಗೆ ಹೋಗಬೇಕು, ವಾಸ್ತು ಮುಗಿಸಿ ಮರುದಿನ ಬರಬೇಕು ಎಂದು ಮಗಳು ನಿಶ್ಚಯ ಮಾಡಿಯೇ ಬಿಟ್ಟಳು. ಅವಳಿಗೆ ಪರೀಕ್ಷೆ ಇದ್ದುದರಿಂದ ಜೋಹರಾ ನೋಡಿಕೊಳ್ಳುವುದು, ಎತ್ತಿ ಕೂರಿಸುವುದಕ್ಕೆ ಜೋಹರಾಳ ಗಂಡ ಯುನೂಸ ಇದ್ದೇ ಇದ್ದಾನೆ ಎಂದಾಯಿತು. ಉಳಿದದ್ದು ಜೋಹರಾಳಿಗೆ ದಡಿ ಮಾತು ಕಲಿಸುವುದು. ಇಲ್ಲಿ ನಮ್ಮ ಶೇಖವ್ವ ಒಂದು ಕಿತಾಪತಿ ಮಾಡಿದಳು. ಗೋಮಿ ಕಲಿಸಿದಳು, ಗಾಡಿ ಕಲಿಸಿದಳು, ದೊಡ್ಡಪರಾಸ ಕಲಿಸಿದಳು. ಉಳಿದವನ್ನು ಕಲಿಸಲಿಲ್ಲ. ಮರೆತಳೆಂದು ಯಾರಾದರೂ ಹೇಳಿದರೆ ನಂಬಬೇಡಿ. ಜೋಹರಾ ನಡುವೆ ಎಲ್ಲೋ ತಡವರಿಸಲಿ, ಫೋನು ಮಾಡಲಿ, ಅಕ್ಕಾ ನೀನಿಲ್ಲದೆ ಆಗೂದಿಲ್ಲ ಅನ್ನಲಿ ಎಂಬುದು ಅವಳ ಒಳಮನಸ್ಸು. ಕೆಟ್ಟ ಮನಸ್ಸಲ್ಲ ಅದು. ಇದ್ದದ್ದೊಂದನ್ನು ಕೈಯಾರೆ ಇನ್ನೊಬ್ಬರಿಗೆ ಕೊಡುವಾಗ ಯಾರ ಮುಷ್ಟಿ ಬಿಗಿಯಾಗುವುದಿಲ್ಲ?

ಬಾದಾಮಿಯಲ್ಲಿ ಅಕ್ಕ ಅವಳನ್ನು ಮಣೆಯ ಮೇಲೆ ಕೂರಿಸಿ ಬಡಿಸಿದಳು. ಹೋಳಿಗೆಯ ಮೇಲೆ ತುಪ್ಪ ಸುರಿದಳು. ಕೂತು ಉಂಡು ಎಷ್ಟು ಕಾಲವಾಗಿತ್ತೋ, ಶೇಖವ್ವನಿಗೆ ಕಣ್ಣು ತುಂಬಿ ಬಂತು. ಊಟ ರುಚಿಯಾಗಿತ್ತು, ಆದರೆ ಮನಸ್ಸೆಲ್ಲ ಮಗ್ಗುಲಲ್ಲಿಟ್ಟ ಫೋನಿನ ಮೇಲೆ. ಅದು ಸಂಜೆಯವರೆಗೂ ಬಡಿದುಕೊಳ್ಳಲಿಲ್ಲ. ತಡೆಯಲಾರದೆ ತಾನೇ ಮಾಡಿದಳು. ಜೋಹರಾ, ಅಣ್ಣ ಉಂಡಾನ, ಕಟ್ಟೆ ಮ್ಯಾಲ ಕುಂತಾನ, ನೀ ಆರಾಮ ಇರು ಎಂದು ಇಟ್ಟೇಬಿಟ್ಟಳು. ತುರಿಕೆ ಬಂದಾಗ ಏನು ಮಾಡಿದೆ ಎಂದು ಶೇಖವ್ವ ಕೇಳಬೇಕೆಂದಿದ್ದಳು, ಅಷ್ಟರೊಳಗೆ ಫೋನು ಕಟ್ಟಾಗಿತ್ತು. ಅವರ ಪಾಡಿಗೆ ಅವರು ನೆಮ್ಮದಿಯಾಗಿದ್ದಾರೆ. ಅವಳಿಗೆ ಸಮಾಧಾನವಾಗಬೇಕಿತ್ತು. ಸಂಕಟವಾಯಿತು. ನಾನಿಲ್ಲದೆಯೂ ನಡೆಯುವುದಾದರೆ ಇಷ್ಟು ದಿನ ನಾನು ಏನಾಗಿದ್ದೆ ಎಂದು, ಮರುದಿನ ಹುನಗುಂದ ದಾಟಿ ಇಳಕಲ್ಲಿನ ತನಕ ಬಸ್ಸಿನಲ್ಲಿ ಅದೇ ಯೋಚನೆ.

ಅವಳು ಮನೆಗೆ ಬಂದಾಗ ಬಾಗಿಲು ತೆರೆದೇ ಇತ್ತು. ಜೋಹರಾ ಬಾಗಿಲಿಗೆ ಬೆನ್ನು ತಿರುಗಿಸಿ ಕೂತು ಗಡಗಡ ದಡಿಗಳನ್ನು ಒಪ್ಪಿಸುತ್ತಿದ್ದಳು. ಕಲಿಸಿದ್ದು, ಕಲಿಸದೆ ಬಿಟ್ಟದ್ದು, ಎಲ್ಲವೂ ಅದರಲ್ಲಿ ಇದ್ದವು. ಇಳಕಲ್ಲಿನಲ್ಲಿ ಹುಟ್ಟಿ ಸೀರೆಯಲ್ಲೇ ಬೆಳೆದವಳಿಂದ ದಡಿಯ ಹೆಸರು ಮುಚ್ಚಿಡಲು ಹೊರಟಿದ್ದ ತನ್ನ ಶಾಣ್ಯಾತನಕ್ಕೆ ಶೇಖವ್ವನಿಗೇ ನಾಚಿಕೆಯಾಯಿತು. ಅಷ್ಟರಲ್ಲಿ ಜೋಹರಾ ಚಿಕ್ಕಿಪರಾಸ ಎಂದಳು. ನಿಂಗಣ್ಣ ಕಣ್ಣು ಮುಚ್ಚಿದ.

“ಬರ್ತಾಳ ಅಣ್ಣಾ, ಬರ್ತಾಳ. ಬಸ್ ಹುನಗುಂದ ದಾಟಿರಬೇಕು,” ಎಂದಳು ಜೋಹರಾ.

ಚಿಕ್ಕಿಪರಾಸವೂ ಒಂದು ದಡಿಯೇ. ಆದರೆ ಈ ಮನೆಯ ಮಾತಿನಲ್ಲಿ ಅದಕ್ಕೆ ಅರ್ಥವೇ ಇರಲಿಲ್ಲ, ಶೇಖವ್ವ ಅದನ್ನು ಒಪ್ಪಿಸುತ್ತಲೂ ಇರಲಿಲ್ಲ. ಗಂಡನ ಬಾಯಲ್ಲಿ ತನಗೆ ಗೊತ್ತಿಲ್ಲದ ಮಾತು. ಹೊಸ್ತಿಲಲ್ಲೇ ಚೀಲ ಹಿಡಿದು ನಿಂತು, ಹಂಗಂದ್ರೇನ ಎಂದು ಕೇಳಿದಳು.

ಜೋಹರಾ ಬೆಚ್ಚಿ ತಿರುಗಿದಳು. ಆಮೇಲೆ ನಕ್ಕು ಹೇಳಿದಳು. ನಿನ್ನೆ ಮಧ್ಯಾಹ್ನ ಅಣ್ಣ ಆ ಹೆಸರಿಗೆ ಕಣ್ಣು ಮುಚ್ಚಿದ. ನೀರು ಬೇಕೇ ಎಂದು ಕೇಳಿದಳು, ದಿಂಬೇ, ಫ್ಯಾನೇ ಎಂದಳು, ಸಪ್ನಾಳಿಗೆ ಫೋನು ಹಚ್ಚಲೇ ಎಂದಳು, ಯಾವುದೂ ಅಲ್ಲ. ಸೋತು ಸುಮ್ಮನಾದ ಮೇಲೆ ಅವನ ಕಣ್ಣು ಬಾಗಿಲ ಕಡೆಗೇ ಇದ್ದದ್ದು ಕಾಣಿಸಿತು.

“ಅದು ನೀ ಅಕ್ಕಾ,” ಎಂದಳು ಜೋಹರಾ. “ನಿನ್ನೆಯಿಂದ ಅದೊಂದಽ ಮಾತು. ನೀ ಯಾವಾಗ್ಲೂ ಎದುರಿಗೇ ಇರ್ತಿದ್ದಿ, ನಿನಗ ಹೆಸರ ಬೇಕಾಗಿದ್ದಿಲ್ಲ.”

ಶೇಖವ್ವ ಚೀಲ ಕೆಳಗಿಟ್ಟು ಗಂಡನ ಎದುರು ಕೂತಳು. ಅವನ ಕಣ್ಣಿನ ಅಂಚಿನಲ್ಲಿ ನೀರಿತ್ತು, ತನ್ನ ಸೆರಗಿನಿಂದ ಒರೆಸಿದಳು. ಆಮೇಲೆ ಯಾವತ್ತಿನಂತೆ ಶುರು ಮಾಡಿದಳು. ಗೋಮಿ ಎಂದಳು. ಗಾಡಿ ಎಂದಳು. ದೊಡ್ಡಪರಾಸ ಎಂದಳು. ಅವನು ಕಣ್ಣು ಬಿಟ್ಟೇ ಇದ್ದ. ಚಿಕ್ಕಿಪರಾಸ ಎನ್ನಲು ಅವಳಿಗೆ ಹೊಸ ಮದುಮಗಳಂತೆ ನಾಚಿಕೆಯಾಯಿತು, ಆದರೂ ಅಂದಳು. ಅವನು ಕಣ್ಣು ಮುಚ್ಚಿದ.

“ನಾ ಬಂದೇನ್ರಿ,” ಎಂದಳು ಶೇಖವ್ವ.