ಹಲ್ಲಿನ ತಂತಿಗೆ ನಿಂಬೆಹಣ್ಣು ಉಜ್ಜಿಸಿದವಳು ನಾನೇ

ಗೌರಕ್ಕ, ಮಂಡಿನೋವು ಒಸಿ ಇಳೀತಾ? ತಮ್ಮ ಶಿವಣ್ಣ, ಕೆಮ್ಮು ನಿಂತಿತಾ? ಚನ್ನಪಟ್ಟಣದಲ್ಲಿ ನಾವೆಲ್ಲ ಸೌಖ್ಯ. ಈ ಕಾಗದ ನಮ್ಮವರಿಗೆಲ್ಲ ಸೇರಿಸಿ ಬರೀತಿದ್ದೀನಿ.

ಇವತ್ತು ಮೊಮ್ಮಗಳು ಸಿಂಚನಾಳನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಹಲ್ಲು ನೆಟ್ಟಗಾಗಲು ಹಾಕಿದ್ದ ತಂತಿಯ ಬಿಳಿ ಲೇಪ ಚಕ್ಕೆ ಚಕ್ಕೆಯಾಗಿ ಎದ್ದುಹೋಗಿದೆ. ಕಾಲೇಜಿನಲ್ಲಿ ಧೈರ್ಯವಾಗಿ ನಗಬೇಕು ಅಂತ ಹಠ ಹಿಡಿದು ಬಿಳಿ ತಂತಿ ಹಾಕಿಸಿಕೊಂಡವಳು, ಈಗ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡುತ್ತಾಳೆ.

“ಸೋಡಾ ಜಾಸ್ತಿ ಕುಡೀತೀಯೇನಮ್ಮ?” ಅಂದರು ಡಾಕ್ಟರು.

“ಹೂಂ ಸಾರ್,” ಅಂದಳು. ಸೋಡಾ ಮುಟ್ಟುವ ಹುಡುಗಿಯೇ ಅಲ್ಲ. ನನ್ನ ಮಾನ ಉಳಿಸೋಕೆ ಹೇಳಿದ ಸುಳ್ಳು ಅದು. ನನಗೆ ತಡೆಯಲಾಗಲಿಲ್ಲ.

“ಸ್ವಾಮಿ, ಸಾರಿನ ಅರಿಶಿನಕ್ಕೆ ತಂತಿ ಹಳದಿಯಾಗಿತ್ತು. ಹಿತ್ತಾಳೆ ದೀಪ ಬೆಳಗೋ ಹಂಗೆ ದಿನಾ ನಿಂಬೆಹಣ್ಣು ಹಾಕಿ ಉಜ್ಜು ಅಂದವಳು ನಾನೇ.”

“ಅಜ್ಜಿ, ದೀಪ ಒಳಗೂ ಹೊರಗೂ ಹಿತ್ತಾಳೆ. ಇದು ಮೇಲೆ ಬಳಿದ ತೆಳು ಪದರ. ದಿನಾ ಹುಳಿ ಸೋಕಿದ್ರೆ ಬಲ ಕಳ್ಕೊಳ್ತದೆ, ಬ್ರಷ್ ತಾಗಿದ್ರೆ ಏಳ್ತದೆ.”

“ಹಂಗಾದ್ರೆ ಹುಳಿಸಾರು, ಮಜ್ಜಿಗೆ ಎಲ್ಲಾ ಬಿಡಬೇಕಾ?”

“ಉಣ್ಲಿ. ಉಂಡ ಮೇಲೆ ನೀರಲ್ಲಿ ಬಾಯಿ ಮುಕ್ಕಳಿಸ್ಲಿ. ಇನ್ನೊಂದ್ಸಲ ಬಿಳೀದೇ ಹಾಕ್ತೀನಿ. ಅದೂ ಹೋದ್ರೆ ಬರೀ ಉಕ್ಕಿನ ತಂತಿನೇ.”

ಹೊಸ ತಂತಿ ಹಾಕಿಸಿಕೊಂಡು ಆಚೆ ಬಂದವಳು, “ಅಜ್ಜಿ, ಇನ್ಯಾರಿಗಾದ್ರೂ ಹೇಳಿದ್ದೀಯಾ ಈ ಮದ್ದು?” ಅಂದಳು.

ಹೇಳಿದ್ದೀನಿ ಕಣ್ರಪ್ಪ, ಫೋನಿನಲ್ಲಿ, ನಮ್ಮವರಲ್ಲೇ ಇನ್ನಿಬ್ಬರಿಗೆ. ಯಾರಿಗೆ ಅಂತ ಮಾತ್ರ ನೆನಪಾಗುತ್ತಿಲ್ಲ. ತಂತಿ ಹಾಕಿಸಿಕೊಂಡ ಮಕ್ಕಳಿದ್ದರೆ ಈಗಲೇ ಬಾಯಿ ತೆಗೆಸಿ ನೋಡಿ, ನಿಂಬೆಹಣ್ಣು ನಿಲ್ಲಿಸಿ, ಬೇಗ ಕಾಗದ ಬರೀರಿ.