ಸಿದ್ದಕ್ಕನ ಖಾಲಿ ಸಿಂಬಿ

ಬೆಳಗಾವಿಯ ನೇಕಾರರ ಕೇರಿ ವಡಗಾವಿಯ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಗ್ಗಗಳು ಆಗಲೇ ಖಟಖಟ ಶುರು ಹಚ್ಚಿಕೊಂಡಿವೆ. ಸಿದ್ದಕ್ಕ ಕೈಗಾಡಿಯಲ್ಲಿ ಹುಲ್ಲು ಹಾಸಿ ಗಡಿಗೆ ಜೋಡಿಸುತ್ತಾಳೆ. ಆಮೇಲೆ ಹಳೇ ಸೀರೆಯ ತುಂಡು ಸುತ್ತಿ, ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಳ್ಳುತ್ತಾಳೆ. ಸಿಂಬಿಯ ಮೇಲೆ ಮಾತ್ರ ಏನೂ ಇಲ್ಲ. ಹೊಸಬರು ನೋಡಿ ನಗುತ್ತಾರೆ. ನಗಲಿ ಬಿಡಿ, ಅವರಿಗೇನು ಗೊತ್ತು!

ಎಪ್ಪತ್ತರ ದಶಕದಲ್ಲಿ ಆ ಸಿಂಬಿಯ ಮೇಲೆ ಗಡಿಗೆಗಳ ಬುಟ್ಟಿ ಇರುತ್ತಿತ್ತು. ಖಾನಾಪುರದಲ್ಲಿ ಗಂಡ ಗುರುಸಿದ್ದ ಸುಟ್ಟ ಗಡಿಗೆಗಳನ್ನು ಹೊತ್ತು ಮುಂಜಾನೆಯ ರೈಲಿಗೆ ಬರುತ್ತಿದ್ದಳು. "ಮಂದಿ ಸರದು ಜಾಗಾ ಬಿಡತಿದ್ರು ನೋಡ್ರಿ. ನನಗಲ್ಲ, ಗಡಿಗಿಗೆ!" ಎಂದು ನಗುತ್ತಾಳೆ. ಎಂಥ ದಿನಗಳವು!

೧೯೭೯ರಲ್ಲಿ ಬಲಗೈ ಜೋಮು ಹಿಡಿಯಿತು. ಕತ್ತಿನಿಂದ ಬೆರಳ ತುದಿಯವರೆಗೂ ಸಿಡಿತ. ಹಿಡಿದ ಗಡಿಗೆ ಕೈಜಾರಿ ಒಡೆಯತೊಡಗಿದವು. ಬೆಳಗಾವಿಯ ಡಾಕ್ಟರು ಕತ್ತಿನಲ್ಲಿ ನರ ಒತ್ತಿದೆ, ಆಪರೇಷನ್ ಆಗಬೇಕು, ತಲೆಹೊರೆ ಇನ್ನು ಬಂದ್ ಎಂದರು. ದಾರಿ ಎರಡು. ಮುಂದಿನಿಂದ, ಗಂಟಲ ಬದಿಯಲ್ಲಿ ಕೊಯ್ದರೆ ನೋವು ಬೇಗ ಇಳಿಯುತ್ತದೆ, ಆದರೆ ದನಿ ಕೆಡುವ ಸಣ್ಣ ಭಯ. ಹಿಂದಿನಿಂದ, ಹೆಡಕಿನಲ್ಲಿ ಕೊಯ್ದರೆ ದನಿಗೆ ಆ ಭಯವಿಲ್ಲ, ಆದರೆ ಕತ್ತಿನ ಸ್ನಾಯು ಬಿಡಿಸಬೇಕು, ನೋವು ಬಹಳ ದಿನ. ನಿಮಗೆ ಎರಡೂ ನಡೆದೀತು, ಯಾವುದೆಂದು ನೀವೇ ಹೇಳಿ ಎಂದರು.

ಮುಂದಿನದೇ ಇರಲಿ ಎಂದ ಗುರುಸಿದ್ದ. ಹೆಂಡತಿ ನರಳುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ. ಸಿದ್ದಕ್ಕ ಒಪ್ಪಲಿಲ್ಲ. "ತಲೀ ಮ್ಯಾಲಿನ ಹೊರಿ ಅಂತೂ ಹೋತು. ದನೀನೂ ಹೋದ್ರ ಈ ಮಗ್ಗದ ಗದ್ದಲದಾಗ ನಾ ಬಂದದ್ದು ಯಾರಿಗೆ ಗೊತ್ತಾಗಬೇಕ್ರೀ? ನೋವು ತಿಂತೀನಿ, ಹಿಂದಿನಿಂದ ಕೊಯ್ರಿ ಅಂದೆ."

ಆಪರೇಷನ್ ಮುಗಿದು ಎಚ್ಚರವಾದಾಗ ದನಿಯೇ ಇಲ್ಲ! ಗಂಟಲಲ್ಲಿ ನಳಿಗೆ ಇಳಿಸಿದ್ದಕ್ಕೆ ಹೀಗೆ, ಸರಿಹೋಗುತ್ತದೆ ಎಂದು ನರ್ಸ್ ಹೇಳಿದರೂ ನಂಬದೆ ಅತ್ತಳು. ಎರಡು ದಿನ ಕಳೆದು, ಒಂದು ನಸುಕಿನಲ್ಲಿ ಧೈರ್ಯಮಾಡಿ ಬಾಯಿ ತೆರೆದಳು: "ಗಡಿಗೀ...!" ಇಡೀ ವಾರ್ಡು ಎದ್ದು ಕುಳಿತಿತು. ಬೈಯಲು ಬಂದ ನರ್ಸ್ ಕೊನೆಗೆ ತನಗೂ ಒಂದು ಗಡಿಗೆ ಬೇಕೆಂದು ಹೇಳಿಹೋದಳು.

ಕೈಯ ಜೋಮು ಹೋಗಿದೆ. ಚಳಿಗೆ ಹೆಡಕು ಈಗಲೂ ಸೆಳೆಯುತ್ತದೆ. ಗಡಿಗೆ ಖಾನಾಪುರದಿಂದ ಲಾರಿಯಲ್ಲಿ ಬರುತ್ತವೆ. ವಡಗಾವಿಯಲ್ಲೇ ಒಂದು ಬಾಡಿಗೆ ಕೋಣೆ ಹಿಡಿದಿದ್ದಾಳೆ. ಮತ್ತೆ ಈ ಖಾಲಿ ಸಿಂಬಿ ಯಾಕೆ?

"ಹುಚ್ಚಿ ಅನಬ್ಯಾಡ್ರೀ. ಬರೀ ತಲೀಲೆ ನಿಂತ್ರ ಏನೋ ಮರತು ಬಂದಂಗ ಆಗ್ತೈತಿ. ದನಿ ಏಳಂಗಿಲ್ಲ."

ಸಿಂಬಿ ಸರಿಮಾಡಿಕೊಂಡು ಓಣಿಯ ಬಾಯಿಗೆ ನಿಲ್ಲುತ್ತಾಳೆ. "ಗಡಿಗೀ...!"

ಒಳಗೊಂದು ಮಗ್ಗ ನಿಲ್ಲುತ್ತದೆ. "ತಡೀ ಸಿದ್ದಕ್ಕಾ, ಬಂದೆ!" ನೇಕಾರರ ಮನೆಯ ಸಾವಂತ್ರವ್ವನ ಕೂಗು.

"ಕೇಳಿದ್ರೇನ್ರೀ?" ಎನ್ನುತ್ತಾಳೆ ಸಿದ್ದಕ್ಕ. "ಮಗ್ಗ ನಿಂತದ್ದು?"