ವಾಡಿಯ ಒಂದು ಕೋಣೆ, ಊರವರ ವೇಟಿಂಗ್ ರೂಮು

ವರ್ಷದ ತೊಗರಿ ಬೇಳೆಗೆ ಔಡಲ ಎಣ್ಣೆ ಸವರುತ್ತಿದ್ದೆ. ಮೊಣಕೈತನಕ ಎಣ್ಣೆ. ಆಗಲೇ ಫೋನ್ ಬಡಿದುಕೊಳ್ಳತೊಡಗಿತು. ಮೂಗಿನ ತುದಿಯಿಂದ ಫೋನ್ ಎತ್ತುವ ವಿದ್ಯೆ ನಿಮಗೆ ಬರುತ್ತದೆಯೇ? ನನಗೆ ಬರುತ್ತದೆ. (ಮನೆವಾರ್ತೆ ನೋಡುವ ಹೆಂಗಸರಿಗೆಲ್ಲ ಬರುತ್ತದೆ. ಯಾರೂ ಹೇಳಿಕೊಳ್ಳುವುದಿಲ್ಲ, ಅಷ್ಟೆ.)

ಆ ಕಡೆ ಭಾಗ್ಯ. ಸುಲೇಪೇಟದಲ್ಲಿರುವ ನನ್ನ ಅಕ್ಕನ ಮಗಳು. ವಾಡಿಯ ಒಂದು ಸಣ್ಣ ಲ್ಯಾಬ್‌ನಲ್ಲಿ ರಕ್ತ ತೆಗೆದು ರಿಪೋರ್ಟ್ ಮಾಡಿಕೊಡುವ ಕೆಲಸ ಅವಳದು. ಕೋಣೆ ಮಾಡಿಕೊಂಡು ಒಬ್ಬಳೇ ಇದ್ದಾಳೆ.

"ಚಿಗವ್ವ, ಈ ತಿಂಗಳಿಗೆ ಮನಿ ಬಿಡಾಕತ್ತೀನಿ."

"ಯಾಕಬೇ? ಏನಾತು?"

"ಲೆಕ್ಕ ಹರಿವಲ್ದು. ಮಾಲಕಿ ಕಿರಾಯಿ ಐದನೂರು ಜಾಸ್ತಿ ಕೊಡು, ಇಲ್ಲಾಂದ್ರ ಖಾಲಿ ಮಾಡು ಅಂದಾಳ. ನಾ ಎಲ್ಲಿಂದ ತರ್ಲಿ? ಊರಿಗೇ ಹೋಗ್ತೀನಿ."

ಊರಿಗೆ ಹೋಗುವುದೆಂದರೆ ಕೆಲಸ ಬಿಡುವುದು ಎಂದೇ ಅರ್ಥ. ಲ್ಯಾಬ್ ಬೆಳಗ್ಗೆ ಏಳಕ್ಕೆ ತೆರೆಯುತ್ತದೆ. ಸುಲೇಪೇಟದಿಂದ ಬಸ್ಸು ಬದಲಿಸುತ್ತ ವಾಡಿ ಮುಟ್ಟುವ ಹೊತ್ತಿಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರೆಲ್ಲ ಉಪ್ಪಿಟ್ಟು ತಿಂದು ಮನೆಗೆ ಹೋಗಿರುತ್ತಾರೆ. ಹುಡುಗಿಗೋ ಆ ಕೆಲಸದ ಮೇಲೆ ಜೀವ.

ನನಗೆ ಒಗಟಾದದ್ದು ಬೇರೆ. ಆ ಲೆಕ್ಕ ಹಾಕಿಕೊಟ್ಟವಳು ನಾನೇ! ತಪ್ಪಿದ್ದೆಲ್ಲಿ?

ಚಳಿಗಾಲದಲ್ಲಿ ನಮ್ಮ ಸೇಡಂ ಮನೆಯ ಅಡಿಗೆ ಕಟ್ಟೆಯ ಮೇಲೆ ಕುಳಿತು ಇಬ್ಬರೂ ಬಜೆಟ್ ಮಾಡಿದ್ದೆವು. ಅವಳ ಪಗಾರ ಹನ್ನೆರಡು ಸಾವಿರ. ಬಾಡಿಗೆ ಎರಡು ಸಾವಿರದ ಎಂಟುನೂರು. ಊರಿಗೆ ಕಳಿಸುವುದು, ಸಿಲಿಂಡರ್, ಕರೆಂಟು, ಮೊಬೈಲ್ ರೀಚಾರ್ಜು, ಹಾಲು, ಸಾಬೂನು, ಜೋಳ, ಬೇಳೆ, ಮನೆ ಮಾಡುವಾಗ ತಂದ ಸಾಮಾನಿನ ಕಂತು. ಅವಳು ಮೊಬೈಲ್‌ನಲ್ಲಿ ಒತ್ತುತ್ತಿದ್ದಳು, ನಾನು ಸೇರು ಪಾವಿನಲ್ಲಿ ಹೇಳುತ್ತಿದ್ದೆ.

"ಊದಿನಕಡ್ಡಿ, ಕರ್ಪೂರ ಬರ್ಕೊ," ಎಂದೆ.

"ದೇವರಿಗೂ ಬಜೆಟ್ಟಾ ಚಿಗವ್ವ?"

"ಅಂವ ಕೇಳಂಗಿಲ್ಲಬೇ. ಅದಕ್ಕ ನಾವೇ ತೆಗೆದಿಡ್ಬೇಕು."

ಎಲ್ಲ ಕಳೆದ ಮೇಲೆ ನಾನೂರು ರೂಪಾಯಿ ಉಳಿಯಿತು. ದಿಲ್ಲಿಯಲ್ಲಿ ಬಜೆಟ್ ಮಂಡಿಸುವವರಿಗಾದರೂ ಉಳಿಯುತ್ತದೆಯೇ? ದೇವರ ಮುಂದೆ ಒಂದು ತುಪ್ಪದ ದೀಪ ಹಚ್ಚಿದೆ.

ಕೋಣೆ ಸಿಕ್ಕಿದ್ದೂ ಅವನ ದಯೆಯೇ. ಮಹಡಿಯ ಮೇಲೆ ಒಂದು ಕೋಣೆ, ಒಂದು ಅಡಿಗೆಮನೆ, ಬಾಗಿಲಿನಾಚೆ ಬಚ್ಚಲು. ಛಾವಣಿಗೆ ಶಹಾಬಾದ ಫರಸಿ ಕಲ್ಲು. ಬೇಸಿಗೆಯಲ್ಲಿ ಒಲೆ ಹಚ್ಚದೆಯೇ ರೊಟ್ಟಿ ಬೇಯುವಂಥ ಮನೆ. ಅದಕ್ಕೇ ಬಾಡಿಗೆ ಕಮ್ಮಿ. ಮೇಲಾಗಿ ರೈಲ್ವೆ ಸ್ಟೇಷನ್ನಿಗೆ ಐದೇ ನಿಮಿಷದ ದಾರಿ. ಅದನ್ನೂ ಲಾಭದ ಕಡೆ ಬರೆದುಕೊಂಡಿದ್ದೆವು. ಎಂಥ ಜಾಣೆಯರು!

ಮರುದಿನ ಬೆಳಗಿನ ಗಾಡಿ ಹಿಡಿದು ವಾಡಿಗೆ ಹೋದೆ. ಮೆಟ್ಟಿಲು ಹತ್ತಿದರೆ ಬಾಗಿಲ ಮುಂದೆ ಚಪ್ಪಲಿಗಳ ಸಾಲು. ಒಬ್ಬಳೇ ಇರುವ ಹುಡುಗಿಗೆ ಎಷ್ಟು ಕಾಲು?

ಒಳಗೆ ಫ್ಯಾನಿನ ಕೆಳಗೆ, ಬನಿಯನ್ನಿನಲ್ಲಿ, ಎದೆಯ ಮೇಲೆ ಮೊಬೈಲ್ ಇಟ್ಟುಕೊಂಡು ಮಲಗಿದ್ದವರು ಗುಂಡಗುರ್ತಿಯ ಬಸಣ್ಣ. ನನ್ನ ಭಾವನ ತಮ್ಮ, ಅಂದರೆ ಭಾಗ್ಯಳ ಕಾಕಾ. ಪಕ್ಕದಲ್ಲಿ ಅವರ ಹೆಂಡತಿ, ಮಗ, ಸೊಸೆ, ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ. ಲ್ಯಾಬಿನಿಂದ ನಡುವೆ ಓಡಿ ಬಂದ ಭಾಗ್ಯ ಬಿಳಿ ಕೋಟು ತೊಟ್ಟೇ ಚಹಾ ಸೋಸುತ್ತಿದ್ದಳು.

"ಬರ್ರಿ ಬರ್ರಿ, ಕುಂದ್ರಿ," ಎಂದರು ಬಸಣ್ಣ, ಮನೆ ಅವರದೇ ಎಂಬಂತೆ. "ಸೊಲ್ಲಾಪುರಕ್ಕ ಹೊಂಟೀವಿ. ಗಾಡಿ ಎರಡ ತಾಸು ಲೇಟ್ ಅದ. ಮೊದಲ ಸ್ಟೇಷನ್ದಾಗ ಸೊಳ್ಳಿ ಕಡಿಸ್ಕೊಂಡು ಕುಂದರ್ತಿದ್ದೆವು. ಈಗ ನಮ್ಮ ಹುಡುಗಿದು ಮಸ್ತ್ ಆರಾಮ ಆಗ್ಯಾದ. ದೇವರು ದೊಡ್ಡಾಂವ ನೋಡ್ರಿ."

ದೇವರು ದೊಡ್ಡವನೇ. ಕೋಣೆ ಸಣ್ಣದು.

ನನಗೆ ಅರ್ಧ ತಿಳಿಯಿತು. ಉಳಿದರ್ಧವನ್ನು ಮಾಲಕಿ ರಜಿಯಾ ಬೇಗಂ ಮೆಟ್ಟಿಲ ಬಳಿ ಕರೆದು ತಿಳಿಸಿದರು.

"ನಾ ಒಬ್ರಿಗಂತ ಕೊಟ್ಟಿದ್ದೆ ಬಾಯಿ. ಇದು ಮುಸಾಫಿರ್ ಖಾನಾ ಆಗ್ಯಾದ. ಟಾಕಿ ನೀರು ಮಧ್ಯಾಹ್ನಕ್ಕೇ ಖತಂ. ನಿಮ್ಮ ಹುಡುಗಿ ಭಾಳ ಚಲೋ ಅದಾಳ. ಆಕಿ ಮಂದಿ ಭಾಳ ಅದಾರ!"

ಐದುನೂರು ಯಾಕೆ ಜಾಸ್ತಿ ಕೇಳಿದರೆಂದು ಗೊತ್ತಾಯಿತು. ಅದರಲ್ಲಿ ತಪ್ಪೇನಿತ್ತು?

ಬಸಣ್ಣನ ಪರಿವಾರ ಊಟಕ್ಕೆ ಕಾಯುತ್ತಿತ್ತು. ಅಡಿಗೆಮನೆಯಲ್ಲಿ ನಾನು ರೊಟ್ಟಿ ಬಡಿಯಲು ಕುಳಿತೆ, ಭಾಗ್ಯ ಪಿಸುಮಾತಿನಲ್ಲಿ ಹೇಳತೊಡಗಿದಳು. ವಾಡಿ ಜಂಕ್ಷನ್ನು. ಮುಂಬಯಿಗೆ ಹೋಗುವವರು, ಬೆಂಗಳೂರಿಗೆ ಹೋಗುವವರು, ತಿರುಪತಿಯಿಂದ ಬೋಳು ತಲೆಯಲ್ಲಿ ಮರಳುವವರು, ಎಲ್ಲರೂ ಇಲ್ಲೇ ಇಳಿದು ಹತ್ತಬೇಕು. ಅಪ್ಪನ ಕಡೆಯವರು, ಅವ್ವನ ಕಡೆಯವರು, ಅಣ್ಣನ ಮಾವನ ಕಡೆಯವರು. ಗಾಡಿ ಲೇಟ್ ಅದ ಎನ್ನುವ ಮಾತು ಕೇಳಿದರೆ ಈಗ ಅವಳು ಮೊದಲು ಹಿಟ್ಟಿನ ಡಬ್ಬಿ ತೆರೆದು ನೋಡುತ್ತಾಳಂತೆ. ಸಿಲಿಂಡರು ಅರ್ಧ ದಾರಿಗೇ ಮುಗಿಯುತ್ತದೆ. ರಾತ್ರಿ ಮಂದಿ ಇದ್ದರೆ ಅವಳು ಒಲೆಯ ಪಕ್ಕ ಕಾಲು ಮಡಚಿ ಮಲಗುತ್ತಾಳೆ. ನಾವು ಹಾಕಿದ್ದು ಒಬ್ಬಳ ಲೆಕ್ಕ. ಉಣ್ಣುತ್ತಿದ್ದುದು ಇಡೀ ಕುಲ.

"ಬ್ಯಾಡ ಅನ್ನಬೇಕಿಲ್ಲೇನಬೇ?"

"ನೀ ಯಾವತ್ತರ ಯಾರಿಗರ ಅಂದೀಯೇನು ಚಿಗವ್ವ?"

ಇಲ್ಲ, ಅಂದಿಲ್ಲ. ನೀವು ಅಂದಿದ್ದೀರಾ?

ಆದರೆ ಇನ್ನೊಂದು ಮಾತು ನನ್ನ ತಲೆ ಕೊರೆಯತೊಡಗಿತು. ನಮ್ಮ ಕಡೆ ಯಾರ ಮನೆಗೂ ಖಾಲಿ ಕೈಯಲ್ಲಿ ಹೋಗುವುದಿಲ್ಲ. ಹೊಲದಲ್ಲಿ ಏನಿದೆಯೋ ಅದು. ಶೇಂಗಾ, ಹಸಿ ಕಡಲೆ, ಸೇರು ಹೆಸರು. ಇದೇ ಬಸಣ್ಣ ನಮ್ಮ ಮನೆಗೆ ಬಂದಾಗ ಹೆಗಲ ಮೇಲೆ ಗಂಟು ಇಲ್ಲದೆ ಹೊಸ್ತಿಲು ದಾಟಿದವರಲ್ಲ. ಜಿಪುಣರಂತೂ ಅಲ್ಲವೇ ಅಲ್ಲ. ಇಲ್ಲಿ ಮಾತ್ರ ಯಾಕೆ ಹೀಗೆ? ಊಟಕ್ಕೆ ಬಡಿಸುತ್ತ ನೇರವಾಗಿಯೇ ಕೇಳಿದೆ. (ನನ್ನ ಬಾಯಿ ನಿಮಗೆ ಗೊತ್ತಲ್ಲ.)

"ಬಸಣ್ಣೋರ, ನಮ್ಮ ಮನಿಗಿ ಬರಾಗ ಗಂಟು ತರ್ತೀರಿ. ಇಲ್ಲಿಗಿ ಬರಾಗ ಏನೂ ತರಂಗಿಲ್ಲಲ್ರಿ?"

ಅವರಿಗೆ ಸಿಟ್ಟು ಬರಲಿಲ್ಲ. ನಿಜಕ್ಕೂ ಆಶ್ಚರ್ಯವಾಯಿತು.

"ಅಲ್ರೀ, ಅದು ನಿಮ್ಮ ಮನಿ. ಇದು ರೂಮಲ್ಲೇನ್ರಿ? ಹುಡುಗಿ ಇರೋ ರೂಮು. ರೂಮಿಗಿ ಯಾರರ ಗಂಟು ತರ್ತಾರೇನ್ರಿ?"

ಪಕ್ಕದಲ್ಲಿದ್ದ ಅವರ ಹೆಂಡತಿಯೂ ತಲೆಯಾಡಿಸಿದರು. "ಹಾಲು ಉಕ್ಕಿಸಿಲ್ಲ, ಏನಿಲ್ಲ. ಒಬ್ರನ್ನೂ ಕರೀಲಿಲ್ಲ. ಮನಿ ಅಂತ ನಮಗ ಹ್ಯಾಂಗ ತಿಳೀಬೇಕ್ರಿ?"

ಹೌದಲ್ಲ! ಹಾಲು ಉಕ್ಕಿಸುವ ಮಾತು ನಾನೇ ಎತ್ತಿದ್ದೆ. ಅಕ್ಕ ತಡೆದಿದ್ದಳು. "ಒಬ್ಬಾಕಿ ಹುಡುಗಿ ಮನಿ ಮಾಡ್ಯಾಳಂತ ಡಂಗುರ ಹೊಡಿತೀಯೇನು? ಸುಮ್ನ ಇಟ್ಟು ಬಾ," ಎಂದಿದ್ದಳು. ಒಂದು ಒಲೆ, ನಾಲ್ಕು ಪಾತ್ರೆ, ಒಂದು ಹಾಸಿಗೆ ಸದ್ದಿಲ್ಲದೆ ಮೇಲೆ ಸಾಗಿಸಿ ಬಂದಿದ್ದೆವು, ಕದ್ದ ಮಾಲಿನ ಹಾಗೆ. ನಾವೇ ಮನೆ ಎನ್ನದೆ ಇದ್ದದ್ದನ್ನು ಬೇರೆಯವರು ಯಾಕೆ ಮನೆ ಎಂದಾರು?

ಅಲ್ಲಿಂದಲೇ ಅಕ್ಕನಿಗೆ ಫೋನ್ ಹಚ್ಚಿದೆ. "ಬರೋ ವಾರ ಭಾಗ್ಯಾನ ಮನ್ಯಾಗ ಹಾಲು ಉಕ್ಕಿಸ್ತೀವಿ. ಎಲ್ಲಾರಿಗೂ ಹೇಳು."

"ಯವ್ವಾ! ಮದುವಿ ಆಗ್ಲಾರದ ಹುಡುಗಿ ಹಾಲು ಉಕ್ಕಿಸಿದ್ರ ಮಂದಿ ಏನಂತಾರ?"

"ಹಾಲಿಗಿ ಬೆಂಕಿ ಗೊತ್ತದ ಅಕ್ಕ. ಮದುವಿ ಗೊತ್ತಿಲ್ಲ."

"ಖರ್ಚು?"

ಖರ್ಚು ತಗ್ಗಿಸಲು ಖರ್ಚು ಮಾಡಲು ಹೊರಟವಳು ನಾನು. ಸಂಕ್ರಾಂತಿಯಿಂದ ಕೂಡಿಟ್ಟ ಹಾಲಿನ ಕೆನೆಯ ತುಪ್ಪವಿತ್ತು. ಬೆಲ್ಲವಿತ್ತು. ಗೋಧಿ ಹುಗ್ಗಿಗೆ ಇನ್ನೇನು ಬೇಕು? ದೇವರ ವಾರವೆಂದು ನನಗೆ ಸೋಮವಾರವೇ ಆಗಬೇಕಿತ್ತು, ಹುಡುಗಿಗೆ ರಜೆ ಭಾನುವಾರ. ದೇವರು ಅಡ್ಜಸ್ಟ್ ಮಾಡಿಕೊಂಡ. ಅವನು ಯಾವಾಗಲೂ ಹಾಗೆಯೇ.

ಆ ಕೋಣೆಯಲ್ಲಿ ಮಲಗಿದವರೆಲ್ಲ ಬಂದರು. ಈ ಸಲ ಗಾಡಿ ಹತ್ತಲಿಕ್ಕಲ್ಲ, ಕರೆಯ ಮೇರೆಗೆ. ಭಾವ ಅರ್ಧ ಚೀಲ ಜೋಳ ಹೊತ್ತು ಮೆಟ್ಟಿಲು ಹತ್ತಿದರು. ಬಸಣ್ಣ ಬೇಳೆಯ ಗಂಟು, ಅವರ ಹೆಂಡತಿ ಸ್ಟೀಲಿನ ಕೊಡ. ರಜಿಯಾ ಬೇಗಂ ಸಕ್ಕರೆ ಪೊಟ್ಟಣವನ್ನು ಹೊಸ ಬಕೆಟ್‌ನಲ್ಲಿಟ್ಟು ತಂದರು. "ನೀರು ಬಂದಾಗ ತುಂಬಿಟ್ಕೋ ಬೇಟಿ," ಎಂದರು. (ಅವರ ಚಿಂತೆ ಅವರಿಗೆ.)

ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿದವಳು ಭಾಗ್ಯಳೇ. ಒಲೆ ಹಚ್ಚಿದವಳೂ ಅವಳೇ. ಹಾಲು ಏರಿತು, ಅಂಚಿಗೆ ಬಂತು, ಒಂದು ಗಳಿಗೆ ಅನುಮಾನಿಸಿತು, ಆಮೇಲೆ ಪೂರ್ವದ ಕಡೆಗೇ ಉಕ್ಕಿ ಹರಿಯಿತು. ಬೇಡ ಬೇಡ ಎನ್ನುತ್ತಿದ್ದ ಅಕ್ಕನೇ ಮೊದಲು ಕೈ ಮುಗಿದಳು. ಮುಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಹೊಗಿ ಆಗ್ಯಾದ," ಎಂದಳು. ಗ್ಯಾಸ್ ಒಲೆಯಲ್ಲಿ ಹೊಗೆ!

ನನಗೆ ನಗು ಬಂದದ್ದು ಬಸಣ್ಣನವರನ್ನು ನೋಡಿ. ಅಂಗಿ ಗುಂಡಿ ಹಾಕಿಕೊಂಡು ಗೋಡೆಗೆ ಬೆನ್ನು ಹಚ್ಚಿ ನೆಟ್ಟಗೆ ಕುಳಿತಿದ್ದರು. ಬಾಯಾರಿದಾಗ ತಾವೇ ಎದ್ದು ಕೊಡಕ್ಕೆ ಕೈ ಹಾಕಲಿಲ್ಲ. "ನೀರು ಸಿಗ್ತಾವೇನವ್ವ ಭಾಗ್ಯಾ?" ಎಂದು ಕೇಳಿದರು. ಹೊರಡುವಾಗ ಹೊಸ್ತಿಲ ಬಳಿ ನಿಂತು, "ಮನಿ ಚಲೋ ಅದವ್ವ ನಿಂದು," ಎಂದರು. ಹುಡುಗಿ ನನ್ನ ಕಡೆ ನೋಡಿದಳು. ನಾನು ಪಾತ್ರೆಯ ಕಡೆ ನೋಡಿದೆ.

ಅಲ್ಲಿಗೆ ಎಲ್ಲ ಸರಿಹೋಯಿತೇ? ಫರಸಿ ಇನ್ನೂ ಕಾಯುತ್ತದೆ. ಸಂಜೆ ಭಾಗ್ಯ ಅದಕ್ಕೆ ನೀರು ಚಿಮುಕಿಸಿ, ಮಾಳಿಗೆಯ ಮೇಲೆ ಗಾಳಿಗೆ ಕುಳಿತುಕೊಳ್ಳುತ್ತಾಳೆ. ಮಂದಿ ಈಗಲೂ ಬರುತ್ತಾರೆ. ಆದರೆ ಬರುವ ಮೊದಲು ಫೋನ್ ಮಾಡುತ್ತಾರೆ, ಬಂದರೆ ಕೈಯಲ್ಲೊಂದು ಗಂಟು ಇರುತ್ತದೆ. ಜೋಳ, ಬೇಳೆ ಕೊಳ್ಳುವ ದುಡ್ಡು ಉಳಿದು ಸಿಲಿಂಡರಿಗೆ ಆಯಿತು. ಮಾಲಕಿಯ ಐದುನೂರು? ತಿಂಗಳ ಕೊನೆಗೆ ಭಾಗ್ಯ ಹೆದರುತ್ತಲೇ ಹಳೆಯ ಬಾಡಿಗೆ ಕೊಟ್ಟಳಂತೆ. ರಜಿಯಾ ಬೇಗಂ ಎಣಿಸಿ ಸೆರಗಿಗೆ ಕಟ್ಟಿಕೊಂಡು, "ಟಾಕಿ ಭರ್ತಿ ಅದ, ಹೋಗು," ಎಂದರಂತೆ.

ಮೊನ್ನೆ ಬಸಣ್ಣ ಫೋನ್ ಮಾಡಿದಾಗ ಭಾಗ್ಯಳಿಗೆ ಎರಡು ಪಾಳಿಯ ಡ್ಯೂಟಿ. "ಇವತ್ತ ಬ್ಯಾಡ್ರಿ ಕಾಕಾ," ಎಂದುಬಿಟ್ಟಳು. ಅಂದವಳೇ ನನಗೆ ಫೋನ್ ಮಾಡಿ ತಪ್ಪು ಮಾಡಿದವಳಂತೆ ವರದಿ ಒಪ್ಪಿಸಿದಳು. ಆಕಾಶ ಕಳಚಿ ಬಿತ್ತೇ? ಇಲ್ಲ. ಬಸಣ್ಣ ಸ್ಟೇಷನ್ನಿನಲ್ಲೇ ಕುಳಿತು ಭಜಿ ತಿಂದು ಸೊಲ್ಲಾಪುರದ ಗಾಡಿ ಹತ್ತಿದರು.

ನಿನ್ನೆ ಶನಿವಾರ. ಭಾನುವಾರ ಬೆಳಗಿನ ಗಾಡಿಗೆ ವಾಡಿಗೆ ಹೋಗೋಣವೆಂದು ಸಜ್ಜೆ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಒಂದು ಡಬ್ಬಿ ಉಪ್ಪಿನಕಾಯಿ ಎಲ್ಲ ಗಂಟು ಕಟ್ಟಿಟ್ಟೆ. ಬರುವ ಸುದ್ದಿ ಹೇಳಲು ಫೋನ್ ಮಾಡಿದೆ.

"ಚಿಗವ್ವ, ಸಿಟ್ಟಾಗಬ್ಯಾಡ. ನಾಳಿ ಬ್ಯಾಡ. ವಾರೆಲ್ಲ ನಿಂತು ನಿಂತು ಕಾಲು ಹೋಗ್ಯಾವ. ನಾ ಮಲಕೋಬೇಕು. ಮುಂದಿನ ಐತ್ವಾರ ಬಾ."

"ನಾ ಬಂದ್ರ ನಿನ್ನ ನಿದ್ದಿ ಕೆಡ್ತದೇನಬೇ?"

"ನೀ ಬಂದ್ರ ಡಬ್ಬಿ ಎಲ್ಲಾ ತೆಗೆದು ತಿಕ್ಕಾಕ ಕುಂದರ್ತಿ!"

ಫೋನ್ ಇಟ್ಟೆ. ಗಂಟು ನನ್ನ ಮುಂದೆಯೇ ಇತ್ತು. ನೀವೇ ಹೇಳಿ, ಸಿಟ್ಟು ಮಾಡಲೋ, ಸಕ್ಕರೆ ಹಂಚಲೋ? ತಿಳಿಯದೆ, ಬಕೆಟ್ಟಿಗೆ ನೀರು ತುಂಬಿಕೊಂಡು ಪಡಸಾಲೆ ಒರೆಸಲು ಕುಳಿತೆ.